ನಲವತ್ತನೆಯ ಚೀಲ

1978ರ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಏಳು ಗಂಟೆಗೆ, ದುಬೈ ಬಂದರಿನ ಸಿಮೆಂಟ್ ಗೋದಾಮೊಂದರಲ್ಲಿ, ಕಬ್ಬಿಣದ ತೋಳೊಂದು ಮರದ ಮಣೆಯ ಮೇಲೆ ನಲವತ್ತನೆಯ ಚೀಲವನ್ನು ಇಟ್ಟಿತು. ಅದಕ್ಕೆ ಮೊದಲು ಎರಡು ತಿಂಗಳ ಕಾಲ ಅದು ಮೂವತ್ತೊಂಬತ್ತಕ್ಕೆ ನಿಲ್ಲುತ್ತಿತ್ತು. ನಿಂತು ನೋಡಿದವರು ಏಳು ಜನ. ಆರು ಮಂದಿ ಚೀಲ ಒಟ್ಟುವವರು, ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನವರು. ಏಳನೆಯವನು ನಾನು, ಅವರನ್ನು ಊರಿನಿಂದ ಕರೆತಂದವನು.

ಆ ಒಂದು ಚೀಲದಿಂದ ಐದು ಜನ ಊರಿಗೆ ಮರಳಿದರು. ಯಾಕೆ ಮರಳಿದರು ಎಂಬುದಕ್ಕೆ ಶಿಕಾರಿಪುರದ ಮಂಡಿಯಲ್ಲಿ ಮೂರು ನಾಲ್ಕು ಕಥೆಗಳು ಓಡಾಡುತ್ತಿವೆಯೆಂದು ಪತ್ರಗಳು ಬಂದಿವೆ. ಒಂದು ಕಥೆಯಲ್ಲಿ ಅವರು ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದಾರೆ. ಇನ್ನೊಂದರಲ್ಲಿ ನಾನು ಅವರನ್ನು ಪಠಾಣರಿಗೆ ಮಾರಿದ್ದೇನೆ. ಎರಡೂ ಸುಳ್ಳು. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ನಾನು ಶಿಕಾರಿಪುರ ಪೇಟೆಯವನು. ನಮ್ಮದು ತಗಡಿನ ಕೆಲಸದ ಮನೆ. ಅಪ್ಪ ಡಬ್ಬ, ಲಾಟೀನು, ಕೊಳವೆಗಳನ್ನು ಬೆಸೆಯುತ್ತಿದ್ದರು. ನಾನು ಹತ್ತನೆಯ ತರಗತಿ ಮುಗಿಸಿ ಮಂಡಿಯಲ್ಲಿ ಗುಮಾಸ್ತನಾದೆ. ಜೊತೆಗೆ ಶಿವಮೊಗ್ಗದ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಅದರಿಂದ ಹಮಾಲಿಗಳ ಬಾಯಲ್ಲಿ ನಾನು 'ಪೇಪರ್ ಸಾಬ್ರು' ಆದೆ. ದುಬೈಯಲ್ಲಿದ್ದ ನನ್ನ ಸೋದರಮಾವ 1976ರಲ್ಲಿ ಪತ್ರ ಬರೆದರು. ಒಂದು ಸಿಮೆಂಟ್ ಗೋದಾಮಿಗೆ ಚೀಲ ಒಟ್ಟುವುದರಲ್ಲಿ ನುರಿತ ಆರು ಆಳುಗಳು ಬೇಕು, ಅವರ ಹಾಜರಿ ನೋಡಿಕೊಳ್ಳಲು ಉರ್ದು ಇಂಗ್ಲಿಷು ಬಲ್ಲ ಒಬ್ಬ ಬೇಕು ಎಂದು. ಆರು ಜನರನ್ನು ಆರಿಸುವುದು ನನಗೆ ಕಷ್ಟವಾಗಲಿಲ್ಲ. ಮೊದಲ ಹೆಸರು ಆರು ಜನರಲ್ಲಿ ಎಲ್ಲರಿಗಿಂತ ಹಿರಿಯನಾದ ಹೊಸಬಾಳೆಯ ಹಾಲಪ್ಪಣ್ಣನದು.

ಮಂಡಿಯ ಕೆಲಸ ನೋಡದವರಿಗಾಗಿ ಒಂದೆರಡು ಮಾತು. ಭತ್ತದ ಚೀಲಗಳನ್ನು ಒಂದರ ಮೇಲೊಂದು ಅಡ್ಡ ಉದ್ದ ಹಾಕುತ್ತ ಸೂರಿನವರೆಗೆ ಏರಿಸುವ ರಾಶಿಗೆ ನಮ್ಮಲ್ಲಿ ನಿಟ್ಟು ಎನ್ನುತ್ತಾರೆ. ಹೊರುವವರು ಬಹಳ ಮಂದಿ. ಒಟ್ಟುವವರು ಕಡಿಮೆ. ಒಂದು ಚೀಲ ಬೆರಳಷ್ಟು ಹೊರಗೆ ಬಂದರೂ ಹತ್ತು ದಿನದ ಮೇಲೆ ಇಡೀ ನಿಟ್ಟು ವಾಲುತ್ತದೆ. ಹಾಲಪ್ಪಣ್ಣ ಒಟ್ಟಿದ ನಿಟ್ಟು ವಾಲಿದ್ದನ್ನು ಯಾರೂ ಕಂಡಿರಲಿಲ್ಲ. ಚೀಲ ಇಟ್ಟ ಮೇಲೆ ಅವನು ಅದನ್ನು ಒಮ್ಮೆ ತನ್ನತ್ತ ಸ್ವಲ್ಪ ಎಳೆದುಕೊಂಡು, ಆಮೇಲೆ ಅಂಗೈಯಿಂದ ಎರಡು ಸಲ ಒತ್ತುತ್ತಿದ್ದ. ಅವನ ಮನೆಯಲ್ಲಿ ಕುರಿ ಸಾಕುತ್ತಾರೆ. ದೊಡ್ಡಿಗೆ ಹೋಗಲೊಲ್ಲದ ಕುರಿಯನ್ನು ಹಾಗೇ ಒಮ್ಮೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳುತ್ತಾರಂತೆ. ಕೈಗೆ ಅದೇ ರೂಢಿ ಬಂದಿತ್ತು.

ಇನ್ನೊಂದು ರೂಢಿ ಮಂಡಿಯ ಎಲ್ಲರದು. ನಿಟ್ಟಿನ ತುದಿಯ ಕೊನೆಯ ಚೀಲಕ್ಕೆ ನೆತ್ತಿಚೀಲ ಎಂದು ಹೆಸರು. ಒಟ್ಟಿದವನು ನೆತ್ತಿ ಮುಚ್ಚಬಾರದು. ಒಂದು ಚೀಲದ ಜಾಗ ಬಿಟ್ಟು ಇಳಿದು ಮನೆಗೆ ಹೋಗಬೇಕು. ಮರುದಿನ ಬೆಳಗ್ಗೆ ತಂಡದ ಇನ್ನೊಬ್ಬ ಏಣಿ ಹತ್ತಿ ಆ ಚೀಲ ಇಡಬೇಕು. ಒಬ್ಬನೇ ಶುರುಮಾಡಿ ಒಬ್ಬನೇ ಮುಗಿಸಿದರೆ ಕೆಲಸ ಅಲ್ಲಿಗೇ ಕಡಿದುಹೋಗುತ್ತದೆ ಎಂಬ ನಂಬಿಕೆ. ಮಂಡಿಯ ಯಜಮಾನರೂ ಇದಕ್ಕೆ ಎದುರಾಡುವುದಿಲ್ಲ.

ಹೊರಡುವ ದಿನ ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಆರೂ ಮನೆಯವರು ಬಂದಿದ್ದರು. ಹಾಲಪ್ಪಣ್ಣನ ಹೆಂಡತಿ ರೊಟ್ಟಿಯ ಗಂಟನ್ನು ಗಂಡನಿಗೆ ಕೊಡದೆ ನನ್ನ ಕೈಗೆ ಕೊಟ್ಟಳು.

"ಆರ್ ಜನನೂ ಒಟ್ಟಿಗೆ ಕರ್ಕೊಂಡ್ ಹೋಗ್ತಿದೀರಿ ಸಾಬ್ರೆ. ಒಟ್ಟಿಗೇ ಕರ್ಕೊಂಡ್ ಬರ್ಬೇಕು. ಒಬ್ರನ್ನ ಮುಂದೆ ಒಬ್ರನ್ನ ಹಿಂದೆ ಕಳಿಸ್ಬೇಡಿ."

ಆಯಿತು ಎಂದೆ. ಉಳಿದ ಐದೂ ಮನೆಯವರು ಕೇಳಿಸಿಕೊಂಡರು.

ಮುಂಬಯಿಯಲ್ಲಿ ವೈದ್ಯರ ತಪಾಸಣೆ ನಡೆಯಿತು. ಆರು ಜನರಲ್ಲಿ ಒಬ್ಬ ಕ್ಯಾಸನೂರಿನವನು. ಅವನ ಕಾಗದ ನೋಡಿದ ವೈದ್ಯರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮಂಗನ ಕಾಯಿಲೆ ಮೊದಲು ಕಂಡ ಊರೆಂದು ಅದರ ಹೆಸರು ಅವರು ಓದಿದ ಪುಸ್ತಕದಲ್ಲಿತ್ತು. ಅವನನ್ನು ಎರಡು ದಿನ ಬೇರೆ ಕೂರಿಸಿ ರಕ್ತ ಪರೀಕ್ಷಿಸಿ ಬಿಟ್ಟರು. ಶಿಕಾರಿಪುರದ ಬಸವಣ್ಯಪ್ಪ, ನಮ್ಮಲ್ಲಿ ಮಾತಿಗೆ ಮೊದಲನೆಯವನು, "ನೋಡ್ರಿ ಸಾಬ್ರ, ನಮ್ಮೂರ ಹೆಸರು ಯಾವ ಡಾಕ್ಟರಿಗೂ ಗೊತ್ತಿಲ್ಲ. ಇವನೇ ದೊಡ್ಡ ಮನುಷ್ಯ ಆಗ್ಬಿಟ್ಟ" ಎಂದ.

ಹಡಗಿನಿಂದ ಇಳಿದಾಗ ಮೊದಲು ಗಮನಕ್ಕೆ ಬಂದದ್ದು ನೆಲದ ಬಿಸಿ. ಊರಿನಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ, ಇಲ್ಲಿ ಕೆಳಗಿನಿಂದಲೂ ಏಳುತ್ತದೆ. ಊರಿನಲ್ಲಿ ಕೆರೆ ಏರಿಯ ಮೇಲೆ ನಿಂತರೆ ಕಣ್ಣು ಹಾಯುವವರೆಗೆ ನೀರು. ಇಲ್ಲಿ ಸಮುದ್ರದ ಪಕ್ಕದಲ್ಲೇ ವಾಸ, ಕುಡಿಯುವ ನೀರು ಮಾತ್ರ ದಿನ ಬಿಟ್ಟು ದಿನ ಲಾರಿಯಲ್ಲಿ ಬರುತ್ತಿತ್ತು. ನಮಗೆ ಕೊಟ್ಟದ್ದು ತೆಳು ಹಲಗೆಯ ಒಂದು ಕೋಣೆ, ಅದರಲ್ಲಿ ಒಂದರ ಮೇಲೊಂದು ಮಂಚಗಳು. ಹಾಲಪ್ಪಣ್ಣ ಮೇಲಿನ ಮಂಚ ಹತ್ತಲು ಒಪ್ಪಲೇ ಇಲ್ಲ.

"ಅಟ್ಟದ ಮೇಲೆ ಚೀಲ ಮಲಗ್ತವೆ, ಮನುಷ್ಯರಲ್ಲ" ಎಂದು ಕೆಳಗೆ ಚಾಪೆ ಹಾಸಿದ.

ಊಟಕ್ಕೆ ಖುಬ್ಬೂಸ್ ಕೊಡುತ್ತಿದ್ದರು. ಒಲೆಯ ಗೋಡೆಗೆ ಅಂಟಿಸಿ ಬೇಯಿಸುವ ದುಂಡನೆಯ ರೊಟ್ಟಿ ಅದು. ಬೆಳಗ್ಗೆ ಮೆತ್ತಗಿದ್ದದ್ದು ಸಂಜೆಗೆ ಅಟ್ಟೆಯಾಗುತ್ತದೆ. "ಇದು ರೊಟ್ಟಿ ಅಲ್ರೀ, ರೊಟ್ಟಿ ಸುತ್ತಿಟ್ಟ ಬಟ್ಟಿ" ಎಂದು ಬಸವಣ್ಯಪ್ಪ ಹೆಸರಿಟ್ಟ. ಎರಡನೆಯ ತಿಂಗಳು ನಾನು ಖಾಲಿ ತುಪ್ಪದ ಡಬ್ಬವನ್ನು ಕತ್ತರಿಸಿ, ತಟ್ಟಿ, ಅಂಚು ಮಡಿಸಿ ಒಂದು ಹಂಚು ಮಾಡಿದೆ. ಅಪ್ಪ ನೋಡಿದ್ದರೆ ಅಂಚು ಸರಿಯಿಲ್ಲ ಎನ್ನುತ್ತಿದ್ದರು. ಹಾಲಪ್ಪಣ್ಣ ಪೇಟೆಯಿಂದ ಅಕ್ಕಿಹಿಟ್ಟು ತಂದು, ಉಕ್ಕಿಸಿದ ನೀರಿಗೆ ಹಾಕಿ ನಾದಿ, ಅದರ ಮೇಲೆ ರೊಟ್ಟಿ ತಟ್ಟಿದ. ಆ ಶುಕ್ರವಾರ ನಮ್ಮ ಕೋಣೆಯ ಬಾಗಿಲಿಗೆ ಪಕ್ಕದ ಕೋಣೆಯ ಮಲಯಾಳಿಗಳು, ಬಲೂಚಿಗಳು ಬಂದು ನಿಂತರು. ಶುಕ್ರವಾರ ಇಲ್ಲಿ ವಾರದ ರಜೆ.

ಭಾಷೆ ನಾನು ಹೆದರಿದಷ್ಟು ದೂರವಿರಲಿಲ್ಲ. ಗೋದಾಮಿನ ಮ್ಯಾನೇಜರನಿಗೆ ಇಲ್ಲಿ ಮುದೀರ್ ಎನ್ನುತ್ತಾರೆ, ಕೆಲಸದ ಗುರುತಿನ ಚೀಟಿಗೆ ಬತಾಕಾ. ಕೆಲಸ ಮುಗಿದರೆ ಖಲಾಸ್. ಹೊರೆ ಹೊರುವವನಿಗೆ ಹಮ್ಮಾಲ್ ಎಂದೇ ಹೆಸರು. ಮುದೀರ್ ಮೊದಲ ದಿನ ಆ ಪದ ಹೇಳಿದಾಗ ಆರು ಜನರೂ ಒಟ್ಟಿಗೆ ತಲೆ ಎತ್ತಿದರು. ನಮ್ಮ ಕೆಲಸದ ಹೆಸರು ನಮಗಿಂತ ಮೊದಲೇ ಅಲ್ಲಿಗೆ ಬಂದು ಕೂತಿತ್ತು.

ಕೆಲಸ ಮಾತ್ರ ಬೇರೆ. ಊರಿನಿಂದ ತಂದ ಕಬ್ಬಿಣದ ಕೊಕ್ಕೆಗಳನ್ನು ಮೊದಲ ದಿನವೇ ಪೆಟ್ಟಿಗೆಗೆ ಸೇರಿಸಬೇಕಾಯಿತು. ಗೋಣಿಗೆ ಕೊಕ್ಕೆ ಹಾಕಿ ಎಳೆಯಬಹುದು, ಇಲ್ಲಿಯದು ಕಾಗದದ ಚೀಲ. ನೆಲದ ಮೇಲೆ ನಿಟ್ಟು ಹಾಕುವಂತಿಲ್ಲ. ಮರದ ಪಟ್ಟಿಗಳನ್ನು ಹೊಡೆದು ಮಾಡಿದ ಪ್ಯಾಲೆಟ್ ಎಂಬ ಹಲಗೆ ಇರುತ್ತದೆ. ನಮ್ಮವರು ಅದಕ್ಕೆ ಮಣೆ ಎಂದರು. ಒಂದು ಮಣೆಯ ಮೇಲೆ ಐದು ಚೀಲದ ಒಂದು ವರಸೆ, ಅಂಥ ಎಂಟು ವರಸೆ, ಒಟ್ಟು ನಲವತ್ತು. ಒಂದು ವರಸೆ ಹಾಕಿದ ದಿಕ್ಕಿಗೆ ಮುಂದಿನದು ಅಡ್ಡ, ಗೋಡೆ ಕಟ್ಟುವ ಕಲ್ಲಿನ ಹಾಗೆ. ಆಮೇಲೆ ಎರಡು ಕಬ್ಬಿಣದ ಕೋಡುಗಳಿರುವ ಗಾಡಿ ಬಂದು ಮಣೆಯನ್ನೇ ಎತ್ತಿಕೊಂಡು ಹೋಗುತ್ತದೆ. ಬೆನ್ನಿನ ಮೇಲೆ ಹೊರುವುದಿಲ್ಲ, ಏಣಿ ಹತ್ತುವುದಿಲ್ಲ. "ಇದು ಹಮಾಲಿ ಅಲ್ಲ ಬಿಡ್ರಿ, ತಾಟಿಗೆ ಬಡಿಸಾ ಕೆಲ್ಸ" ಎಂದ ಬಸವಣ್ಯಪ್ಪ.

ಹಾಗೆ ಒಂದೂವರೆ ವರ್ಷ ನಡೆಯಿತು. ಹಾಲಪ್ಪಣ್ಣನಿಗೆ ಓದು ಬರುವುದಿಲ್ಲ. ಹೊಸಬಾಳೆಯಿಂದ ಮೇಷ್ಟರ ಕೈಯಲ್ಲಿ ಬರೆಸಿ ಬಂದ ಪತ್ರಗಳನ್ನು ನಾನು ಓದಿ ಹೇಳುತ್ತಿದ್ದೆ. ಯಾವ ಕುರಿ ಎಷ್ಟು ಮರಿ ಹಾಕಿತು, ಯಾವುದಕ್ಕೆ ಕಾಲು ನೋವು. ಪತ್ರ ಮಡಿಸಿ ಕೊಟ್ಟರೆ ಅವನು ಮತ್ತೆ ಬಿಡಿಸಿ ನನ್ನತ್ತ ಚಾಚುತ್ತಿದ್ದ. "ಆ ಕುಂಟು ಕುರಿದು ಇನ್ನೊಂದ್ಸಲ ಓದಿ ಸಾಬ್ರೆ." ಅಪ್ಪನ ಮನೆ ಬಿಟ್ಟ ಮೇಲೆ ನಾನು ಅಷ್ಟು ಹತ್ತಿರವಾಗಿ ಯಾರ ಜೊತೆಗೂ ಇರಲಿಲ್ಲ. ಇದನ್ನೂ ದಾಖಲಿಸಬೇಕು, ಮುಂದಿನದು ಅರ್ಥವಾಗಲು ಇದು ಬೇಕು.

1978ರ ಜನವರಿಯಲ್ಲಿ ಯಂತ್ರ ಬಂತು. ದೊಡ್ಡ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂತು. ಜೊತೆಗೆ ಜಪಾನಿನ ಒಬ್ಬ ಇಂಜಿನಿಯರ್. ಹತ್ತು ದಿನದಲ್ಲಿ ಗೋದಾಮಿನ ಮಧ್ಯೆ ಒಂದು ಕಂಬ ನಿಂತಿತು. ಕಂಬಕ್ಕೆ ಒಂದು ತೋಳು, ತೋಳಿಗೆ ಮೊಣಕೈ, ಮಣಿಕಟ್ಟು, ತುದಿಯಲ್ಲಿ ಚೀಲ ಹಿಡಿಯುವ ಬೆರಳುಗಳು. ಪಕ್ಕದಲ್ಲಿ ಬೀರುವಿನಂಥ ಪೆಟ್ಟಿಗೆ, ಅದರೊಳಗೆ ಟೇಪು. ರೋಬೋಟ್ ಎಂದು ಇಂಜಿನಿಯರ್ ಹೇಳಿದರು. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಯಾರಾದರೂ ತೋಳಿನ ಹಿಡಿಕೆ ಹಿಡಿದು ಒಮ್ಮೆ ಕೆಲಸ ಮಾಡಿ ತೋರಿಸಬೇಕು. ಕೈ ಹೋದ ದಾರಿಯನ್ನೆಲ್ಲ ಟೇಪು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಯಂತ್ರ ಅದನ್ನೇ ಮಾಡುತ್ತದೆ, ಕೂದಲೆಳೆಯ ವ್ಯತ್ಯಾಸವಿಲ್ಲದೆ, ದಿನವಿಡೀ.

ಇಂಜಿನಿಯರ್ ತಾವೇ ತೋರಿಸಿದ ಚೀಲಗಳು ಗಾಡಿ ತಿರುಗುವಾಗ ಜಾರಿ ಬಿದ್ದವು. ಮೂರು ಸಲ ಹೀಗಾಯಿತು. ಬಿಸಿ ಸಿಮೆಂಟು ತುಂಬಿದ ಕಾಗದದ ಚೀಲದಲ್ಲಿ ಗಾಳಿ ಉಳಿದಿರುತ್ತದೆ, ಉಬ್ಬಿದ ಚೀಲ ಜಾರುತ್ತದೆ. ಹಾಲಪ್ಪಣ್ಣನ ಮಣೆಗಳು ಮಾತ್ರ ಜಾರುತ್ತಿರಲಿಲ್ಲ. ಅವನು ಎಳೆದು ಒತ್ತುವಾಗ ಗಾಳಿ ಹೊರಗೆ ಹೋಗುತ್ತಿತ್ತು. ಇಂಜಿನಿಯರ್ ಎರಡು ದಿನ ಅವನ ಹಿಂದೆ ನಿಂತು ನೋಡಿ, ನನ್ನನ್ನು ಕರೆದು, ತೋಳನ್ನು ಇವರು ಹಿಡಿಯಲಿ ಎಂದರು.

ಹಾಲಪ್ಪಣ್ಣ ಹಿಡಿಕೆ ಹಿಡಿದ. ತೋಳನ್ನು ಆಗ ತೊಟ್ಟಿಲಿನಷ್ಟು ಹಗುರ ಮಾಡಿದ್ದರು. ಒಂದು, ಎರಡು, ಮೂರು. ಪ್ರತಿ ಚೀಲಕ್ಕೂ ಎಳೆತ, ಎರಡು ಒತ್ತು. ಮೂವತ್ತೊಂಬತ್ತನೆಯದನ್ನು ಇಟ್ಟು ಕೈ ಬಿಟ್ಟು ಹಿಂದಕ್ಕೆ ಸರಿದ. ಇಂಜಿನಿಯರ್ ಕಾದರು. ಹಾಲಪ್ಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಇಂಜಿನಿಯರ್ ಗಡಿಯಾರ ನೋಡಿ, ಗುಂಡಿ ಒತ್ತಿ ಟೇಪು ನಿಲ್ಲಿಸಿದರು. ಮುದುಕ ದಣಿದಿದ್ದಾನೆ ಎಂದುಕೊಂಡಿರಬೇಕು. ಮರುದಿನದಿಂದ ಯಂತ್ರ ಮೂವತ್ತೊಂಬತ್ತು ಇಟ್ಟು ನಿಲ್ಲುತ್ತಿತ್ತು. ಪಕ್ಕದಲ್ಲಿ ನಿಂತ ಒಬ್ಬ ಆಳು ನಲವತ್ತನೆಯದನ್ನು ಕೈಯಲ್ಲಿ ಇಡುತ್ತಿದ್ದ. ಸದ್ಯಕ್ಕೆ ಹೀಗೇ ಇರಲಿ ಎಂದರು ಮುದೀರ್.

ಇದರ ಬೆಲೆ ಮೊದಲು ಕಂಡದ್ದು ಬಸವಣ್ಯಪ್ಪನಿಗೆ. ಇನ್ನೂ ಎರಡು ಯಂತ್ರ ಬರಲಿವೆ, ಅವಕ್ಕೂ ಇದೇ ಟೇಪು ಎಂದು ನಾನು ಹೇಳಿದಾಗ ಅವನು ಬೆರಳು ಮಡಿಸಿದ.

"ಮೂರು ಮಷೀನು. ಎರಡು ಪಾಳಿ. ಒಂದೊಂದಕ್ಕ ನೆತ್ತಿ ಇಡಾಕ ಒಬ್ಬೊಬ್ಬ. ಆರು ಜನ ಆತು ನೋಡ್ರಿ. ಹಾಲಪ್ಪಣ್ಣ ಒಂದು ಚೀಲದ ಜಾಗ ಬಿಟ್ಟಿಲ್ಲ, ಆರು ಮನಿ ಜಾಗ ಬಿಟ್ಟಾನ."

ಅಂದು ಸಂಜೆ ಕೋಣೆಯಲ್ಲಿ ಒಂದು ಸಿಮೆಂಟ್ ಚೀಲವನ್ನು ನಡುವೆ ಇಟ್ಟುಕೊಂಡು ಏಳು ಜನರೂ ಅದರ ಮೇಲೆ ಕೈ ಇಟ್ಟೆವು. ಯಾರು ಕೇಳಿದರೂ, ಏನು ಕೊಟ್ಟರೂ, ತೋಳು ಹಿಡಿದು ನಲವತ್ತನೆಯದನ್ನು ಇಡಬಾರದು. ಹಾಲಪ್ಪಣ್ಣ ಎಲ್ಲರಿಗಿಂತ ಕೊನೆಗೆ ಕೈ ಇಟ್ಟ. "ಇದಕ್ಕೆ ಆಣೆ ಯಾಕ್ರೋ? ಒಟ್ಟಿದವ ನೆತ್ತಿ ಮುಚ್ಚಲ್ಲ. ನಮ್ಮಪ್ಪ ಮುಚ್ಚಿಲ್ಲ, ನಾನು ಮುಚ್ತೀನಾ?" ಎಂದ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಇಂಜಿನಿಯರ್ ಚಹಾ ಕುಡಿಯುತ್ತ ನನ್ನನ್ನು ಕೇಳಿದರು. ಆ ಹಿರಿಯರಿಗೆ ತೋಳು ನೋವೇ? ಯಾಕೆ ಕೊನೆಯ ಚೀಲ ಇಡಲಿಲ್ಲ? ಯಂತ್ರದಲ್ಲಿ ಏನಾದರೂ ಕೊರತೆ ಕಂಡಿತೇ? ಅವರ ಮುಖದಲ್ಲಿ ನಿಜವಾದ ಚಿಂತೆ ಇತ್ತು. ನಾನು ಹೌದು, ತೋಳು ನೋವು ಎನ್ನಬಹುದಿತ್ತು. ಎನ್ನಲಿಲ್ಲ. ಮಂಡಿಯ ರೂಢಿಯನ್ನು ಪೂರ್ತಿ ವಿವರಿಸಿದೆ. ನಿಟ್ಟು ಎಂದರೇನು, ನೆತ್ತಿಚೀಲ ಎಂದರೇನು, ಮರುದಿನ ಯಾರು ಏಣಿ ಹತ್ತುತ್ತಾರೆ, ಎಲ್ಲ. ಊರನ್ನು ಬಲ್ಲವನೆಂಬ ಹೆಮ್ಮೆಯಿಂದ ಹೇಳಿದೆ. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ತಲೆ ಬಾಗಿಸಿ, ಒಳ್ಳೆಯ ರೂಢಿ ಎಂದರು. ಈ ಮಾತುಕತೆಯನ್ನು ನಾನು ಕೋಣೆಯಲ್ಲಿ ಯಾರಿಗೂ ತಿಳಿಸಲಿಲ್ಲ. ತಿಳಿಸುವಂಥದು ಎಂದು ಆಗ ಅನ್ನಿಸಿರಲಿಲ್ಲ.

ಈಗ ಆ ಶನಿವಾರ.

ಬಸವಣ್ಯಪ್ಪನ ಪಾಳಿ. ಯಂತ್ರ ಮೂವತ್ತೊಂಬತ್ತನೆಯದನ್ನು ಇಟ್ಟಿತು. ಅವನು ನಲವತ್ತನೆಯದನ್ನು ತೊಡೆಯ ಮೇಲೆ ಎತ್ತಿಕೊಂಡು ಹೆಜ್ಜೆ ಮುಂದಿಟ್ಟ. ತೋಳು ತನ್ನ ಜಾಗಕ್ಕೆ ಹೋಗಲಿಲ್ಲ. ಮತ್ತೆ ಚೀಲಗಳು ಸಾಲಾಗಿ ಉರುಳಿ ಬರುವ ಉರುಳೆಗಳ ಕಡೆ ತಿರುಗಿ ಇನ್ನೊಂದು ಚೀಲ ಹಿಡಿಯಿತು. ಎತ್ತಿತು. ಖಾಲಿ ಜಾಗದ ಮೇಲೆ ಬಂದು ತಡೆಯಿತು. ಉಳಿದ ಯಾವ ಚೀಲಕ್ಕೂ ಇಲ್ಲದ ತಡೆ ಅದು, ಮೂರು ಸೆಕೆಂಡು. ಮರುದಿನಗಳಲ್ಲಿ ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಆಮೇಲೆ ಚೀಲ ಇಳಿಸಿತು. ತನ್ನತ್ತ ಸ್ವಲ್ಪ ಎಳೆದುಕೊಂಡಿತು. ಎರಡು ಸಲ ಒತ್ತಿತು.

ಯಾರೂ ಏನೂ ಕೇಳಬೇಕಾಗಿರಲಿಲ್ಲ. ಆ ಎಳೆತ ಪ್ರಪಂಚದಲ್ಲಿ ಒಬ್ಬನದೇ. ಹಾಲಪ್ಪ ಗೋಡೆಯ ಪಕ್ಕ ನಿಂತು ನೆಲ ನೋಡುತ್ತಿದ್ದ. ಬಸವಣ್ಯಪ್ಪ ತೊಡೆಯ ಮೇಲಿದ್ದ ಚೀಲವನ್ನು ನಿಧಾನವಾಗಿ ಕೆಳಗಿಟ್ಟ.

"ನಿನ್ನೆ ಶುಕ್ರವಾರ ಎಲ್ಲಿಗೆ ಹೋಗಿದ್ದಿ ಅಣ್ಣ? ಪೇಟಿಗೆ ಹಿಟ್ಟು ತರಾಕ ಅಂದಿದ್ದಿ."

ಹಾಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಹಿಟ್ಟು ಎಲ್ಲೈತಿ?"

ಮಧ್ಯಾಹ್ನ ಮುದೀರ್ ನನ್ನನ್ನು ಕರೆದು ಹೇಳಿದ್ದು ಇಷ್ಟು. ಐವರ ಬತಾಕಾ ಮುಂದುವರಿಯುವುದಿಲ್ಲ. ಹಾಲಪ್ಪ ಯಂತ್ರಗಳ ಕಾವಲಿಗೆ ಉಳಿಯುತ್ತಾನೆ. ನಾನು ಗಾಡಿ ಚಾಲಕರ ಹಾಜರಿ ನೋಡಿಕೊಳ್ಳಬೇಕು. "ಖಲಾಸ್" ಎಂದು ಮಾತು ಮುಗಿಸಿದರು. ಅದನ್ನು ಐವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು.

ಸಂಜೆ ನಾನು ಹಾಲಪ್ಪನನ್ನು ನೀರಿನ ತೊಟ್ಟಿಯ ಹತ್ತಿರ ಕಂಡೆ. ಕಾಲು ತೊಳೆಯುತ್ತಿದ್ದ.

"ಹಾಲಪ್ಪಣ್ಣ, ಚೀಲದ ಮೇಲೆ ಕೈ ಇಟ್ಟಿದ್ದಿರಿ" ಎಂದೆ.

"ಇಟ್ಟಿದ್ದೆ."

"ಮತ್ತೆ?"

ಅವನು ಮಗ್ಗನ್ನು ಮಗುಚಿ ಹಾಕಿ ನಿಂತ. "ನಾನು ಇಡ್ದಿದ್ರೆ ಇನ್ಯಾರನ್ನೋ ಕರ್ಕೊಂಡ್ ಬಂದು ಇಡಿಸ್ತಿದ್ರು ಸಾಬ್ರೆ. ಆಗ ನಾನೂ ಹೋಗ್ತಿದ್ದೆ. ಅವ್ರೆಲ್ಲ ಹುಡುಗ್ರು, ಅವ್ರಿಗೆ ಇನ್ನೊಂದು ಹಡಗು ಐತೆ. ನನ್ನ ವಯಸ್ಸಿಗೆ ಮತ್ಯಾರು ಕರೀತಾರೆ?"

"ಒಂದು ಮಾತು ನಮಗೆ ಹೇಳಬಹುದಿತ್ತು."

"ಹೇಳಿದ್ರೆ ಬಿಡ್ತಿದ್ರಾ?" ಎಂದ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದ. "ಆ ಇಂಜಿನಿಯರಿಗೆ ನೆತ್ತಿಚೀಲದ ವಿಷ್ಯ ಗೊತ್ತಿತ್ತು. ನಿಮ್ಮ ಊರ ಪದ್ಧತಿ ಗೊತ್ತು, ಆದ್ರೆ ಇದು ನಿಮ್ಮ ಊರಲ್ಲ ಅಂತ ಮುದೀರ್ ಕೈಲಿ ಹಿಂದೀಲಿ ಹೇಳಿಸ್ದ. ಅವ್ನಿಗೆ ಹೇಳಿದ್ಯಾರು ಸಾಬ್ರೆ? ನಂಗೆ ಇಂಗ್ಲಿಷ್ ಬರಲ್ಲ."

ಆ ಪ್ರಶ್ನೆಗೆ ಉತ್ತರವನ್ನು ಮೊದಲ ಬಾರಿ ಕೊಡುತ್ತಿರುವುದು ಇಲ್ಲಿ, ಈ ಬರಹದಲ್ಲಿ.

ಏಪ್ರಿಲಿನಲ್ಲಿ ಐವರೂ ಹಡಗು ಹತ್ತಿದರು. ಹಾಲಪ್ಪ ಬಂದರಿಗೆ ಬರಲಿಲ್ಲ. ತಗಡಿನ ಹಂಚನ್ನು ಬಸವಣ್ಯಪ್ಪ ತನ್ನ ಪೆಟ್ಟಿಗೆಗೆ ಕಟ್ಟಿಕೊಂಡಿದ್ದ. ಇಲ್ಲಿ ಬಿಟ್ಟರೆ ಯಾರು ತಟ್ಟುತ್ತಾರೆ ಎಂಬುದು ಅವನ ಪ್ರಶ್ನೆ.

"ಊರಾಗ ಕೇಳಿದ್ರ ಏನ್ ಹೇಳಾದ್ರಿ ಸಾಬ್ರ? ಮಷೀನು ನಮ್ಮನ್ನ ಓಡಿಸ್ತು ಅಂದ್ರ ನಂಬ್ತಾರ. ಅದರ ಕೈ ನಮ್ಮ ಹಾಲಪ್ಪಣ್ಣಂದು ಅಂದ್ರ ನಂಬ್ತಾರೇನ್ರಿ?"

ಬಸ್ ನಿಲ್ದಾಣದಲ್ಲಿ ನಾನು ಕೊಟ್ಟ ಮಾತನ್ನು ಐವರಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ಎಂಟು ತಿಂಗಳು ಏಳು ಮಂಚಗಳ ಕೋಣೆಯಲ್ಲಿ ನಾವಿಬ್ಬರೇ. ಹೊಸಬಾಳೆಯ ಪತ್ರ ಬಂದರೆ ಅವನು ಅದನ್ನು ನನ್ನ ದಿಂಬಿನ ಮೇಲಿಟ್ಟು ಹೊರಗೆ ಹೋಗಿ ಬಾಗಿಲ ಬಳಿ ಕೂರುತ್ತಿದ್ದ. ನಾನು ಒಳಗಿನಿಂದ ಗಟ್ಟಿಯಾಗಿ ಓದುತ್ತಿದ್ದೆ, ಒಂದು ಸಲ ಮಾತ್ರ. ಇನ್ನೊಮ್ಮೆ ಓದಿ ಎಂದು ಅವನು ಕೇಳಲಿಲ್ಲ. ಗೋದಾಮಿನಲ್ಲಿ ಅವನ ಕೆಲಸ ಚೆಲ್ಲಿದ ಸಿಮೆಂಟು ಗುಡಿಸುವುದು. ಎರಡನೆಯ ಯಂತ್ರ ಬಂತು, ಮೂರನೆಯದು ಬಂತು. ಮೂರಕ್ಕೂ ಅದೇ ಟೇಪು. ಮೂರು ತೋಳುಗಳು ಮೂರು ಕಡೆ ಚೀಲವನ್ನು ತಮ್ಮತ್ತ ಎಳೆದು ಒತ್ತುತ್ತಿದ್ದವು. ನಡುವೆ ಹಾಲಪ್ಪ ಪೊರಕೆ ಹಿಡಿದು ಓಡಾಡುತ್ತಿದ್ದ. ಒಂದು ದಿನ ಇಂಜಿನಿಯರ್ ಆ ಮೂರು ಸೆಕೆಂಡಿನ ತಡೆಯನ್ನು ತೆಗೆಯಲು ನೋಡಿದರು. ತೆಗೆಯಬೇಕಾದರೆ ಇಡೀ ಟೇಪನ್ನು ಹೊಸದಾಗಿ ಮಾಡಬೇಕು ಎಂದು ಕೈಬಿಟ್ಟರು.

ಡಿಸೆಂಬರಿನಲ್ಲಿ ಮುದೀರ್ ಮತ್ತೆ ನನ್ನನ್ನು ಕರೆದರು. ಯಂತ್ರಗಳಿಗೆ ಕಾವಲು ಬೇಕಾಗಿಲ್ಲ, ಗುಡಿಸಲು ಇನ್ನೊಂದು ಯಂತ್ರ ಬರುತ್ತದೆ. ನಾನು ಅದನ್ನು ಹಾಲಪ್ಪನಿಗೆ ಹೇಳಿದೆ. ಅವನು "ಹ್ಞೂಂ" ಎಂದ. ಹೊರಡುವ ದಿನ ಬೆಳಗ್ಗೆ ಖುಬ್ಬೂಸಿನ ಬದಲು ಅಕ್ಕಿರೊಟ್ಟಿಯ ವಾಸನೆ ಬಂತು. ಹಂಚಿಲ್ಲದೆ, ಯಾವುದೋ ಡಬ್ಬದ ಮುಚ್ಚಳದ ಮೇಲೆ ತಟ್ಟಿದ್ದ. ಎರಡು ರೊಟ್ಟಿಯನ್ನು ನನ್ನ ಮಂಚದ ಮೇಲೆ ಪೇಪರಿನಲ್ಲಿ ಸುತ್ತಿಟ್ಟು ಹೋಗಿದ್ದ. ಒಂದನ್ನು ತಿಂದೆ.

ನಾನು ಇಲ್ಲೇ ಇದ್ದೇನೆ. ಈಗ ಪೇಟೆಯ ಅಂಗಡಿಯವರು ಹೆಸರು ಹಿಡಿದು ಕರೆಯುತ್ತಾರೆ, ಅರಬಿಯಲ್ಲಿ ಚೌಕಾಸಿ ಮಾಡಬಲ್ಲೆ, ನೆಲದ ಬಿಸಿ ಕಾಲಿಗೆ ತಿಳಿಯುವುದಿಲ್ಲ. ಶಿಕಾರಿಪುರದ ಮಂಡಿಗೆ ಹೋದರೆ ಯಾರು ಮಾತಾಡಿಸುತ್ತಾರೆ ಎಂದು ಲೆಕ್ಕ ಹಾಕುತ್ತೇನೆ, ಹಾಲಪ್ಪನ ಹೆಸರೊಂದೇ ಬರುತ್ತದೆ. ಊರು ನೋಡಬೇಕೆನಿಸಿದರೆ ಗೋದಾಮಿನಲ್ಲಿ ಮೊದಲ ಯಂತ್ರದ ಮುಂದೆ ನಿಲ್ಲುತ್ತೇನೆ. ಕೋಪ ಬಂದಾಗಲೂ ನಿಲ್ಲುವುದು ಅಲ್ಲೇ.

ಬಸವಣ್ಯಪ್ಪ ಏಳನೆಯ ತರಗತಿವರೆಗೆ ಓದಿದ್ದಾನೆ. ಅವನು 1979ರ ಫೆಬ್ರವರಿಯಲ್ಲಿ ಬರೆದ ಪತ್ರ ಕಳೆದ ವಾರ ನನಗೆ ತಲುಪಿತು. ಐವರೂ ಮತ್ತೆ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಸುಗ್ಗಿಯ ಭತ್ತ ಬಂದಿದೆ. ಹಾಲಪ್ಪ ಹೊಸಬಾಳೆಯಿಂದ ಬಂದು ಕೆಲಸ ಕೇಳಿದ. ಮೇಸ್ತ್ರಿ ಇಲ್ಲವೆನ್ನಲಿಲ್ಲ. ಒಂದು ಸೋಮವಾರ ಅವನು ಸೂರಿನವರೆಗೆ ನಿಟ್ಟು ಒಟ್ಟಿ, ರೂಢಿಯಂತೆ ನೆತ್ತಿಯ ಜಾಗ ಬಿಟ್ಟು ಇಳಿದು ಹೋದ. ಮಂಗಳವಾರ ಬೆಳಗ್ಗೆ ಮಂಡಿಯಲ್ಲಿ ಹದಿನೆಂಟು ಹಮಾಲಿಗಳಿದ್ದರು. ಯಾರೂ ಏಣಿ ಹತ್ತಲಿಲ್ಲ. ಯಜಮಾನರು ಬೈದರು. ಮೇಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ಹಾಲಪ್ಪ ಬಂದು ಮೇಲೆ ನೋಡಿ, ತಾನೂ ಹತ್ತದೆ, ಏಣಿಯ ಬುಡದಲ್ಲಿ ಕೂತ.

ಪತ್ರದ ಕೊನೆಯಲ್ಲಿ ಬಸವಣ್ಯಪ್ಪ ಒಂದು ಪ್ರಶ್ನೆ ಬರೆದಿದ್ದಾನೆ. "ಸಾಬ್ರ, ನೀವು ಇಲ್ಲಿದ್ದಿದ್ರ ಹತ್ತತಿದ್ರೇನ್ರಿ?"

ನನ್ನ ರಜೆ ಮೇ ತಿಂಗಳಿಗೆ ಮಂಜೂರಾಗಿದೆ.

ಪತ್ರ ಬರೆದ ದಿನಕ್ಕೆ ನಿಟ್ಟು ಒಟ್ಟಿ ಹನ್ನೊಂದು ದಿನವಾಗಿತ್ತು. ನೆತ್ತಿ ತೆರೆದೇ ಇತ್ತು. ಚೀಲ ಏಣಿಯ ಬುಡದಲ್ಲಿತ್ತು.